ಹತ್ತಿದ ಗೇರಿನಲ್ಲೇ ಇಳಿಯಬೇಕು: ಮಳೆಗಾಲದ ಘಾಟಿ ಮತ್ತು ನಮ್ಮ ಗಾಡಿ

ಜುಲೈ ತಿಂಗಳ ಒಂದು ಮಧ್ಯಾಹ್ನ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಹೊರಟಿದ್ದೆವು. ಕಾರಿನಲ್ಲಿ ಐದು ಜನ, ಹಿಂದೆ ತುಂಬಾ ಲಗೇಜು. ಹೊರಗೆ ಜಿಟಿಜಿಟಿ ಮಳೆ. ಇಳಿಜಾರು ಅಲ್ವಾ, ಗಾಡಿ ತಾನಾಗೇ ಓಡುತ್ತಿತ್ತು. ನಾಲ್ಕನೇ ಗೇರಿನಲ್ಲಿ ಬಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರುತ್ತಿದ್ದೆ.

ಅರ್ಧ ದಾರಿಗೆ ಬಂದಾಗ ಏನೋ ಸುಟ್ಟ ವಾಸನೆ. ಮುಂದೆ ಹೋಗುತ್ತಿದ್ದ ಲಾರಿಯದ್ದು ಅಂದುಕೊಂಡೆ. ಎರಡು ತಿರುವು ಆದ ಮೇಲೆ ಬ್ರೇಕ್ ಪೆಡಲ್ ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಇನ್ನೂ ಒಳಗೆ ಹೋಯಿತು. ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಎದೆ ಝಲ್ ಅಂದಿತು. ರಸ್ತೆ ಅಗಲವಾಗಿದ್ದ ಕಡೆ ಹೇಗೋ ನಿಲ್ಲಿಸಿ ಇಳಿದು ನೋಡಿದರೆ, ಮುಂದಿನ ಚಕ್ರದ ಮೇಲೆ ಬಿದ್ದ ಮಳೆಹನಿ ಕಾವಲಿಯ ಮೇಲೆ ಬಿದ್ದ ನೀರಿನ ಹಾಗೆ ಚುಂಯ್ ಎಂದು ಆವಿಯಾಗುತ್ತಿತ್ತು.

ಅಲ್ಲೇ ಲಾರಿ ನಿಲ್ಲಿಸಿಕೊಂಡಿದ್ದ ಡ್ರೈವರ್ ಒಬ್ಬರು ಹತ್ತಿರ ಬಂದರು. "ಯಾವ ಗೇರಲ್ಲಿ ಬಂದ್ರಿ ಸಾರ್?"

"ನಾಲ್ಕು."

"ಇದೇ ರೋಡನ್ನ ಹತ್ತೋವಾಗ ಎಷ್ಟರಲ್ಲಿ ಹತ್ತುತ್ತೀರಿ?"

"ಎರಡು. ಕೆಲವು ಕಡೆ ಒಂದು."

"ಹಂಗಾದ್ರೆ ಇಳಿಯೋದೂ ಅದರಲ್ಲೇ. ಹತ್ತಿದ ಗೇರಲ್ಲೇ ಇಳೀಬೇಕು ಸಾರ್. ಬ್ರೇಕು ಇರೋದು ಗಾಡಿ ನಿಲ್ಲಿಸೋಕೆ, ಹಿಡ್ಕೊಂಡು ಹೋಗೋಕಲ್ಲ."

ನಾನು ನೀರಿನ ಬಾಟಲಿ ತೆಗೆದದ್ದು ನೋಡಿ ಅವರು ತಡೆದರು. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆಯದೆ, ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಸುಮ್ನೆ ಕೂತೆವು. ಆಮೇಲೆ ಎರಡನೇ ಗೇರಿನಲ್ಲಿ ಇಳಿದೆ. ಉಜಿರೆ ತಲುಪುವವರೆಗೆ ಬ್ರೇಕಿಗೆ ಹೆಚ್ಚು ಕೆಲಸವೇ ಬೀಳಲಿಲ್ಲ.

ಅವತ್ತಿನಿಂದ ನನಗೆ ಒಂದು ಹಟ. ಘಾಟಿ ಇಳಿಯುವ ಪ್ರತಿಯೊಬ್ಬರಿಗೂ ಈ ಒಂದು ವಿಷಯ ಅರ್ಥವಾಗಬೇಕು. ಬರೀ "ನಿಧಾನ ಹೋಗಿ" ಎಂದರೆ ಸಾಲದು. ಗಾಡಿಯೊಳಗೆ ಏನಾಗುತ್ತದೆ ಎಂದು ತಿಳಿದರೆ ಕಾಲು ತಾನಾಗೇ ಸರಿಯಾದ ಕೆಲಸ ಮಾಡುತ್ತದೆ.

ಎತ್ತರ ಅಂದರೆ ಬಿಸಿ

ಆಗುಂಬೆಯನ್ನೇ ತೆಗೆದುಕೊಳ್ಳಿ. ಮೇಲಿಂದ ಹೊರಟು 14 ಹೇರ್‌ಪಿನ್ ತಿರುವು ದಾಟಿ ಸೋಮೇಶ್ವರಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ 500 ಮೀಟರ್ ಕೆಳಗೆ ಬಂದಿರುತ್ತೇವೆ. ಜನ ತುಂಬಿದ ಸಣ್ಣ ಕಾರಿನ ತೂಕ 1,200 ಕೆಜಿ ಎಂದು ಇಟ್ಟುಕೊಳ್ಳೋಣ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 60 ಲಕ್ಷ ಜೂಲ್. ಈ ಲೆಕ್ಕ ಮನಸ್ಸಿಗೆ ನಿಲ್ಲುವುದಿಲ್ಲ, ಹಾಗಾಗಿ ಬೇರೆ ಥರ ಹೇಳುತ್ತೇನೆ. ಒಂದು ದೊಡ್ಡ ಬಕೆಟ್ ತಣ್ಣೀರು, ಅಂದರೆ ಸುಮಾರು 18 ಲೀಟರ್, ಅದನ್ನು ಕೊತಕೊತ ಕುದಿಸಲು ಬೇಕಾದಷ್ಟು ಶಾಖ ಅದು. ಸರಕು ತುಂಬಿದ 25 ಟನ್ನಿನ ಲಾರಿಯಾದರೆ 380 ಲೀಟರ್ ನೀರು ಕುದಿಯುತ್ತದೆ.

ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ಉಳಿದದ್ದನ್ನು ಹಿಡಿಯುವವರು ಇಬ್ಬರೇ: ಬ್ರೇಕು, ಇಲ್ಲವೇ ಇಂಜಿನ್. ಗೇರು ಮೇಲಿದ್ದರೆ ಇಂಜಿನ್ ಹಿಡಿಯುವುದು ಕಡಿಮೆ. ಪೂರ್ತಿ ಭಾರ ಬ್ರೇಕಿನ ಮೇಲೆ. ಪ್ಲೇಟಿನಷ್ಟು ಅಗಲದ ಎರಡು ಕಬ್ಬಿಣದ ಡಿಸ್ಕು, ಅವುಗಳನ್ನು ಒತ್ತುವ ಅಂಗೈಗಿಂತ ಚಿಕ್ಕ ಪ್ಯಾಡುಗಳು. ಪಟ್ಟಣದಲ್ಲಿ ಸಿಗ್ನಲ್ಲಿಗೆ ನಿಲ್ಲಿಸುವಾಗ ಒಮ್ಮೆ ಬಿಸಿಯಾಗುತ್ತವೆ, ಆಮೇಲೆ ಗಾಳಿಗೆ ಆರುತ್ತವೆ. ಘಾಟಿಯಲ್ಲಿ ಕಾಲು ತೆಗೆಯದೇ ಒತ್ತಿಕೊಂಡೇ ಇದ್ದರೆ ಆರಲು ಸಮಯವೇ ಸಿಗುವುದಿಲ್ಲ.

ಬಿಸಿ ಹೆಚ್ಚಾದರೆ ಎರಡು ಥರ ಕೈಕೊಡುತ್ತದೆ. ಮೊದಲನೆಯದು ಪ್ಯಾಡಿನದ್ದು. ಪ್ಯಾಡಿನಲ್ಲಿ ಪುಡಿಗಳನ್ನು ಹಿಡಿದಿಡುವ ಅಂಟು ಇರುತ್ತದೆ. ವಿಪರೀತ ಕಾದಾಗ ಆ ಅಂಟು ಸುಟ್ಟು ಹೊಗೆ ಬಿಡುತ್ತದೆ. ಆ ಹೊಗೆಯ ಪದರ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಹಿಡಿತ ಜಾರುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ.

ಎರಡನೆಯದು ಬ್ರೇಕ್ ಆಯಿಲಿನದ್ದು. ನನಗೆ ಆಗಿದ್ದು ಇದು. ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಡಬ್ಬದ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸದಾಗಿದ್ದಾಗ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಶೇಕಡ 3.7ರಷ್ಟು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಡಾಟ್ 3 ಆದರೆ ಇನ್ನೂ ಕಡಿಮೆ, 140. ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ನೇರ ಚಕ್ರಕ್ಕೆ ಹೋಗುತ್ತದೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗಿ ಸುಮ್ಮನಾಗುತ್ತದೆ. ಕಾಲು ತಳಕ್ಕೆ ಹೋಗುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ.

ಮಲೆನಾಡು, ಕರಾವಳಿಯ ತೇವದಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕು ಎಂದು ನಾನು ಹೇಳುವುದು ಇದಕ್ಕೇ. ಇಂಜಿನ್ ಆಯಿಲ್ ಬಗ್ಗೆ ನಾವೆಲ್ಲ ಕೇಳುತ್ತೇವೆ. ಇದರ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಕಾರಿನಲ್ಲಿ ಅವತ್ತು ಇದ್ದದ್ದು ಐದು ವರ್ಷ ಹಳೆಯದು. ಬಣ್ಣ ಕಾಫಿ ಡಿಕಾಕ್ಷನ್ನಿನ ಹಾಗಾಗಿತ್ತು.

ಗೇರು ಹೇಗೆ ಹಿಡಿಯುತ್ತದೆ

ಒಂದು ಸಿರಿಂಜ್ ತೆಗೆದುಕೊಂಡು ಅದರ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಹಿಂದಿನ ದಿಂಡನ್ನು ಎಳೆದು ನೋಡಿ. ಬರುವುದಿಲ್ಲ, ವಾಪಸ್ ಜಗ್ಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಆಗುವುದು ಹೆಚ್ಚುಕಡಿಮೆ ಇದೇ. ಗಾಳಿ ಒಳಗೆ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯಲು ಹೆಣಗಾಡುತ್ತಲೇ ಇರುತ್ತವೆ. ಅವುಗಳನ್ನು ತಿರುಗಿಸುವ ಶಕ್ತಿ ಚಕ್ರಗಳಿಂದ ಬರಬೇಕು. ಹಾಗಾಗಿ ಚಕ್ರ ನಿಧಾನವಾಗುತ್ತದೆ. ಗೇರು ಕೆಳಗಿದ್ದಷ್ಟೂ ಚಕ್ರ ಒಂದು ಸುತ್ತು ಸುತ್ತಲು ಇಂಜಿನ್ ಜಾಸ್ತಿ ಸುತ್ತಬೇಕು, ಹಿಡಿತವೂ ಜಾಸ್ತಿ.

ಎರಡನೇ ಗೇರಿನಲ್ಲಿ ಇಳಿಯುವಾಗ ಇಂಜಿನ್ ಕೂಗುತ್ತದೆ. ಆ ಸದ್ದಿಗೆ ಹೆದರಿ ಎಷ್ಟೋ ಜನ ಗೇರು ಮೇಲೆ ಹಾಕಿಬಿಡುತ್ತಾರೆ. ಇಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗದಿದ್ದರೆ ಸಾಕು, ಆ ಕೂಗಿನಿಂದ ಇಂಜಿನ್ನಿಗೆ ಏನೂ ಆಗುವುದಿಲ್ಲ. ಅದು ಆಗ ದುಡಿಯುತ್ತಿಲ್ಲ, ಗಾಡಿಯನ್ನು ಹಿಡಿದುಕೊಂಡಿದೆ ಅಷ್ಟೆ.

ಇನ್ನು ನ್ಯೂಟ್ರಲ್ ವಿಷಯ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಾರ್ಬುರೇಟರ್ ಕಾಲದ ಮಾತು ಅದು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ, ಏಕೆಂದರೆ ಇಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರಿಹೋಗದ ಹಾಗೆ ಇಂಧನ ಬಿಡುತ್ತಲೇ ಇರಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಪ್ರಾಣದ ಜೊತೆ ಆಟ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿಯಾಗುತ್ತದೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಸ್ಟೇರಿಂಗೂ ಭಾರವಾಗುತ್ತದೆ.

ಆಟೋಮ್ಯಾಟಿಕ್ ಗಾಡಿಯವರು ಡಿ ಹಾಕಿಕೊಂಡೇ ಇಳಿಯಬಾರದು. ಗೇರನ್ನು ಕೆಳಗೇ ಹಿಡಿದಿಡಲು ಗೇರು ಲಿವರಿನಲ್ಲಿ ಎಲ್, 2, ಎಸ್ ಅಥವಾ ಎಂ ಇರುತ್ತದೆ. ಘಾಟಿ ಶುರುವಾಗುವ ಮೊದಲೇ ಅಲ್ಲಿಗೆ ತಂದುಕೊಳ್ಳಿ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟರೇ ಹಿಡಿಯುತ್ತದೆ, ಇಳಿಯುವಾಗ ಬ್ಯಾಟರಿಗೆ ಕರೆಂಟೂ ಬರುತ್ತದೆ, ಬಹಳ ಒಳ್ಳೆಯದು. ಒಂದೇ ಎಚ್ಚರಿಕೆ: ಘಾಟಿಯ ಮೇಲೆ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯಲು ಹೊರಟರೆ ಬ್ಯಾಟರಿಯಲ್ಲಿ ಕರೆಂಟ್ ತುಂಬಲು ಜಾಗ ಇರುವುದಿಲ್ಲ, ಮೋಟರಿನ ಹಿಡಿತ ಕಡಿಮೆಯಾಗುತ್ತದೆ. ಸ್ವಲ್ಪ ಖಾಲಿ ಬಿಟ್ಟುಕೊಂಡು ಹೊರಡಿ.

ಸ್ಕೂಟರಿನವರ ಬಗ್ಗೆ ನನಗೆ ಹೆಚ್ಚು ಚಿಂತೆ. ಬೈಕಿನಲ್ಲಿ ಗೇರು ಇಳಿಸಬಹುದು. ಸ್ಕೂಟರಿನಲ್ಲಿ ವೇಗ ಕಡಿಮೆಯಾದಾಗ ಕ್ಲಚ್ ತಾನಾಗೇ ಬಿಟ್ಟುಕೊಳ್ಳುತ್ತದೆ, ಆಮೇಲೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಬ್ರೇಕನ್ನೇ ನಂಬಬೇಕು. ಇಬ್ಬರು ಕೂತು ಘಾಟಿ ಇಳಿಯುವುದಾದರೆ ನಡುನಡುವೆ ನಿಲ್ಲಿಸಿ, ಬ್ರೇಕ್ ಆರಲು ಬಿಡಿ. ಒತ್ತಿಕೊಂಡೇ ಇರಬೇಡಿ. ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಕಾರಿಗೂ ಇದೇ ಮಾತು.

ಅಕಸ್ಮಾತ್ ಬ್ರೇಕ್ ಹೋಯಿತು ಅಂದುಕೊಳ್ಳಿ. ಪೆಡಲನ್ನು ಬೇಗ ಬೇಗ ತುಳಿದು ಬಿಡಿ, ಕೆಲವು ಸಲ ಒತ್ತಡ ವಾಪಸ್ ಬರುತ್ತದೆ. ಅದರ ಜೊತೆಗೇ ಗೇರನ್ನು ಒಂದೊಂದಾಗಿ ಇಳಿಸುತ್ತಾ ಬನ್ನಿ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಟ್ಟಿಕೊಂಡು ಗಾಡಿ ತಿರುಗಿಬಿಡುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಗುಡ್ಡದ ಕಡೆಯ ಚರಂಡಿಗೆ, ಮಣ್ಣಿಗೆ ಒರಗಿಸಿ. ಗಾಡಿ ಹಾಳಾದರೆ ಆಗಲಿ. ಕಣಿವೆಯ ಕಡೆ ಮಾತ್ರ ಬೇಡ.

ಒದ್ದೆ ರಸ್ತೆಯ ಲೆಕ್ಕ

ಕಾರಿನ ಒಂದೊಂದು ಟೈರೂ ರಸ್ತೆಯನ್ನು ಮುಟ್ಟುವುದು ನಿಮ್ಮ ಅಂಗೈಯಷ್ಟು ಜಾಗದಲ್ಲಿ. ನಾಲ್ಕು ಅಂಗೈ, ಅದರ ಮೇಲೆ ಒಂದು ಟನ್ ಗಾಡಿ. ಆ ಅಂಗೈ ಮತ್ತು ಡಾಂಬರಿನ ನಡುವೆ ನೀರು ಬಂದರೆ ಅದನ್ನು ಪಕ್ಕಕ್ಕೆ ತಳ್ಳಲು ಟೈರಿನ ಮೇಲೆ ಗೀರುಗಳಿವೆ. ಹೊಸ ಟೈರಿನಲ್ಲಿ ಆ ಗೀರು ಸುಮಾರು 8 ಮಿಲಿಮೀಟರ್ ಆಳ. ಕಾನೂನಿನ ಪ್ರಕಾರ ಕಾರಿಗೆ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಗೀರಿನೊಳಗೆ ಬೆರಳಾಡಿಸಿದರೆ ಅಲ್ಲಲ್ಲಿ ಸಣ್ಣ ದಿಣ್ಣೆ ಸಿಗುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಅದರ ಕಾಲ ಮುಗಿಯಿತು. ಮಳೆಗಾಲದ ಘಾಟಿಗೆ ನಾನು 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಹೋಗುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯೂ ಇರುತ್ತದೆ. 2321 ಅಂತಿದ್ದರೆ 2021ರ 23ನೇ ವಾರದಲ್ಲಿ ಮಾಡಿದ್ದು ಎಂದು ಅರ್ಥ. ಐದಾರು ವರ್ಷವಾದರೆ ರಬ್ಬರ್ ಗಟ್ಟಿಯಾಗಿ ಒದ್ದೆಯಲ್ಲಿ ಹಿಡಿಯುವುದಿಲ್ಲ, ಸವೆಯದಿದ್ದರೂ ಕೂಡ.

ಈಗ ನಿಲ್ಲಿಸುವ ದೂರ. 60 ಕಿಲೋಮೀಟರ್ ವೇಗದಲ್ಲಿ ಏನನ್ನೋ ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಆಗುತ್ತದೆ, ಗಾಡಿ 17 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ 35. ಒದ್ದೆಯೂ ಹೌದು, ಇಳಿಜಾರೂ ಹೌದು ಅಂದರೆ 40 ದಾಟುತ್ತದೆ. ಒಟ್ಟು 60 ಮೀಟರ್ ಹತ್ತಿರ. ಅದೇ 40ರ ವೇಗದಲ್ಲಿ ಇದ್ದರೆ ಅದೇ ಒದ್ದೆ ಇಳಿಜಾರಿನಲ್ಲಿ 30 ಮೀಟರಿನಲ್ಲಿ ನಿಂತಿರುತ್ತೀರಿ. ವೇಗ ಮೂರನೇ ಒಂದು ಪಾಲು ಇಳಿದರೆ ದೂರ ಅರ್ಧ ಇಳಿಯುತ್ತದೆ. ಘಾಟಿಯ ತಿರುವಿನಲ್ಲಿ ಮುಂದೆ ಕಾಣುವುದೇ 30 ಮೀಟರ್ ಅಲ್ವಾ? ಕಾಣುವ ದೂರದೊಳಗೆ ನಿಲ್ಲಿಸಲು ಆಗುವ ವೇಗದಲ್ಲಿ ಮಾತ್ರ ಹೋಗಬೇಕು.

ಎಲ್ಲಕ್ಕಿಂತ ಜಾರುವುದು ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ. ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನ ಜೊತೆ ಕಲಸಿ ಲೋಳೆಯಾಗುತ್ತದೆ. ಜೋರು ಮಳೆ ಬಂದು ತೊಳೆದ ಮೇಲೆ ಸ್ವಲ್ಪ ವಾಸಿ. ನಮ್ಮ ಘಾಟಿಗಳಲ್ಲಿ ಇದರ ಜೊತೆಗೆ ಪಾಚಿ, ಕೊಳೆತ ಎಲೆ, ಗುಡ್ಡದಿಂದ ಹರಿದ ಕೆಮ್ಮಣ್ಣು. ಬಿಸಿಲು ಬೀಳದ ತಿರುವುಗಳಲ್ಲಿ ಮಳೆ ನಿಂತು ಎರಡು ದಿನವಾದರೂ ಪಾಚಿ ಹಾಗೇ ಇರುತ್ತದೆ. ತಿರುವಿಗೆ ಬರುವ ಮೊದಲೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಬ್ರೇಕ್ ತುಳಿಯಬೇಡಿ. ಬೈಕಿನವರಿಗೆ ಇದು ಇನ್ನೂ ಮುಖ್ಯ. ಬಿಳಿ ಪಟ್ಟಿಯ ಮೇಲೆ, ಸೇತುವೆಯ ಕಬ್ಬಿಣದ ಜೋಡಣೆಯ ಮೇಲೆ ಬೈಕನ್ನು ವಾಲಿಸಬೇಡಿ.

2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ತುಳಿದರೂ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಜೋರಾಗಿ ತುಳಿದಾಗ ಪೆಡಲ್ ಕಾಲಿಗೆ ಕಟಕಟ ಎಂದು ಒದ್ದಂತಾದರೆ ಹೆದರಿ ಕಾಲು ತೆಗೆಯಬೇಡಿ. ಅದು ಕೆಲಸ ಮಾಡುತ್ತಿದೆ ಎಂದರ್ಥ. ಒತ್ತಿಕೊಂಡೇ ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬಹುದು. ಆದರೆ ಎಬಿಎಸ್ ಇದ್ದ ಮಾತ್ರಕ್ಕೆ ಒದ್ದೆ ರಸ್ತೆ ಒಣಗುವುದಿಲ್ಲ.

ಲಾರಿಗಳ ಜೊತೆ

ಶಿರಾಡಿಯಲ್ಲಿ ನಮ್ಮ ಜೊತೆ ಓಡುವುದು ಮಂಗಳೂರು ಬಂದರಿಗೆ ಹೋಗಿ ಬರುವ ಟ್ಯಾಂಕರು, ಲಾರಿ, ರಾತ್ರಿ ಬಸ್ಸು. ಅವರ ಕಷ್ಟ ಅರ್ಥ ಮಾಡಿಕೊಂಡರೆ ನಮ್ಮ ಅರ್ಧ ಅಪಾಯ ಕಡಿಮೆ. ಇಕ್ಕಟ್ಟಿನ ಜಾಗದಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಎನ್ನುವುದು ನಮ್ಮ ರಸ್ತೆ ನಿಯಮದಲ್ಲೇ ಇದೆ. ಭಾರ ಹೊತ್ತ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಕ್ಲಚ್ ಸುಡುತ್ತದೆ, ಹಿಂದಕ್ಕೆ ಜಾರುತ್ತದೆ. ಹಾಗಾಗಿ ಏರುತ್ತಿರುವ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಲೇಬಾರದು. ಹೇರ್‌ಪಿನ್ನಿನಲ್ಲಿ ಉದ್ದದ ಗಾಡಿ ಪೂರ್ತಿ ರಸ್ತೆ ತೆಗೆದುಕೊಂಡೇ ತಿರುಗಬೇಕು. ಬೇರೆ ದಾರಿಯಿಲ್ಲ. ತಿರುವಿನ ಮೊದಲೇ ನಿಂತು ಅದಕ್ಕೆ ಜಾಗ ಕೊಡಿ.

ಇಳಿಯುವ ಲಾರಿ "ಬುಸ್" ಎಂದು ಸದ್ದು ಮಾಡುವುದು ಕೇಳಿರುತ್ತೀರಿ. ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಬ್ರೇಕು ಅದು. ಪದೇ ಪದೇ ತುಳಿದರೆ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ, ತುಂಬಲು ಸಮಯ ಬೇಕು. ನಾವು ಅವರ ಮುಂದೆ ನುಗ್ಗಿ ಗಕ್ಕನೆ ಬ್ರೇಕ್ ಹಾಕಿದರೆ ಅವರ ಖಾತೆಯಿಂದ ಆ ಗಾಳಿಯನ್ನು ಖರ್ಚು ಮಾಡಿಸಿದ ಹಾಗೆ.

ಇನ್ನೊಂದು ಗುರುತು. ರಸ್ತೆಯ ಮೇಲೆ ಹಸಿ ಸೊಪ್ಪಿನ ಕೊಂಬೆ ಬಿದ್ದಿದ್ದರೆ ಅದು ಮರದಿಂದ ಬಿದ್ದದ್ದು ಅಂದುಕೊಳ್ಳಬೇಡಿ. ಎರಡು ಮೂರು ಕೊಂಬೆ ಸಾಲಾಗಿದ್ದರೆ ಮುಂದಿನ ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತಿದೆ ಎಂದೇ ಅರ್ಥ. ಡ್ರೈವರೋ ಕ್ಲೀನರೋ ಕಡಿದು ಹಾಕಿರುತ್ತಾರೆ. ಲಾರಿ ಹೊರಟ ಮೇಲೆ ಚಕ್ರಕ್ಕೆ ಕೊಟ್ಟ ಕಲ್ಲು ಅಲ್ಲೇ ಉಳಿದಿರುವುದೂ ಉಂಟು. ರಾತ್ರಿ ಬೈಕಿನವರ ಪಾಲಿಗೆ ಆ ಕಲ್ಲು ಯಮ. ನೀವು ಕಲ್ಲು ಕೊಟ್ಟಿದ್ದರೆ ಹೊರಡುವಾಗ ಇಳಿದು ಬದಿಗೆ ಸರಿಸಿಯೇ ಹೋಗಿ.

ಮಂಜು, ಗಾಜು

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನೀರಿನ ಕಣಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ. ಡಿಮ್ ಮಾಡಿ. ಫಾಗ್ ಲ್ಯಾಂಪ್ ಇದ್ದರೆ ಹಾಕಿ, ಅದು ಕೆಳಗಿರುವುದರಿಂದ ಮಂಜಿನ ಅಡಿಯಲ್ಲಿ ರಸ್ತೆಯ ಅಂಚು ತೋರಿಸುತ್ತದೆ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸಬೇಡಿ. ಹಿಂದಿನವರಿಗೆ ನೀವು ನಿಂತಿದ್ದೀರೋ, ತಿರುಗುತ್ತೀರೋ ತಿಳಿಯುವುದಿಲ್ಲ. ನಿಂತಾಗ ಮಾತ್ರ ಅದು.

ಒಳಗಿನ ಗಾಜು ಮಬ್ಬಾದರೆ ಬಟ್ಟೆಯಲ್ಲಿ ಒರೆಸುವವರೇ ಹೆಚ್ಚು. ಒಂದು ಕೈ ಸ್ಟೇರಿಂಗಿನಲ್ಲಿ, ಒಂದು ಕೈ ಗಾಜಿನ ಮೇಲೆ, ಅದೂ ಘಾಟಿಯಲ್ಲಿ. ಮಬ್ಬು ಬರುವುದು ನಮ್ಮ ಉಸಿರಿನ ತೇವದಿಂದ. ಒದ್ದೆ ಬಟ್ಟೆ, ಒದ್ದೆ ಕೊಡೆ ಇದ್ದರೆ ಇನ್ನೂ ಜಾಸ್ತಿ. ಎಸಿ ಮಾಡುವ ಮೊದಲ ಕೆಲಸವೇ ಗಾಳಿಯಿಂದ ನೀರು ತೆಗೆಯುವುದು. ಎಸಿ ಹಾಕಿ, ಹೊರಗಿನ ಗಾಳಿ ಬರುವ ಹಾಗೆ ಗುಂಡಿ ಒತ್ತಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಚಳಿಯಾದರೆ ಬಿಸಿ ಕಡೆಗೆ ತಿರುಗಿಸಿ, ಎಸಿ ಮಾತ್ರ ಆನ್ ಇರಲಿ. ಎಸಿ ತುಂಬಾ ತಣ್ಣಗಿಟ್ಟು ಗಾಜಿನ ಹೊರಗೆ ಮಬ್ಬು ಬಂದರೆ ವೈಪರ್ ಹಾಕಿ, ತಣ್ಣಗಿರುವುದನ್ನು ಕಡಿಮೆ ಮಾಡಿ. ವೈಪರ್ ರಬ್ಬರನ್ನು ಮೇ ತಿಂಗಳಲ್ಲೇ ಬದಲಿಸಿ. ಬೇಸಿಗೆಯ ಬಿಸಿಲಿಗೆ ಅದು ಒಣಗಿ ಗಟ್ಟಿಯಾಗಿರುತ್ತದೆ, ಜೋರು ಮಳೆಯಲ್ಲೇ ಕೈಕೊಡುತ್ತದೆ.

ನೀರು ಮತ್ತು ಗುಡ್ಡ

ಘಾಟಿ ಇಳಿದ ಮೇಲೂ ತೊಂದರೆ ಮುಗಿಯುವುದಿಲ್ಲ. ಕೆಳಗೆ ತೋಡು, ಹೊಳೆ ಉಕ್ಕಿ ರಸ್ತೆ ಮೇಲೆ ಹರಿಯುತ್ತಿರುತ್ತದೆ. "ಮೊಣಕಾಲಷ್ಟೇ ಇದೆ, ಹೋಗಬಹುದು" ಎನ್ನುವವರು ಒಂದು ಲೆಕ್ಕ ನೋಡಬೇಕು. ಸಣ್ಣ ಕಾರಿನ ತಳ ಸುಮಾರು 6 ಚದರ ಮೀಟರ್. ನೀರು ತಳ ಮುಟ್ಟಿದ ಮೇಲೆ ಪ್ರತಿ 10 ಸೆಂಟಿಮೀಟರಿಗೆ 600 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ಒಂದು ಟನ್ನಿನ ಕಾರು ತೇಲಲು 17 ಸೆಂಟಿಮೀಟರ್ ಸಾಕು. ತಳವೇ ನೆಲದಿಂದ 17 ಸೆಂಟಿಮೀಟರ್ ಎತ್ತರ. ಒಟ್ಟು ಒಂದಡಿಗಿಂತ ಸ್ವಲ್ಪ ಜಾಸ್ತಿ, ಮೊಣಕಾಲಿಗಿಂತ ಕೆಳಗೇ. ಪೂರ್ತಿ ತೇಲುವ ಮೊದಲೇ ಟೈರಿನ ಹಿಡಿತ ಹೋಗಿರುತ್ತದೆ. ನೀರು ಹರಿಯುತ್ತಿದ್ದರೆ ಪಕ್ಕಕ್ಕೆ ತಳ್ಳಲು ಅಷ್ಟು ಸಾಕು. ಕೆಂಪು ನೀರಿನ ಅಡಿಯಲ್ಲಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣುವುದೂ ಇಲ್ಲ. ಹರಿಯುವ ನೀರಿಗೆ ಇಳಿಯಬೇಡಿ.

ನಿಂತ ನೀರಿನಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲು ಹೋಗಿ ರಾಡ್ ಬಾಗುತ್ತದೆ, ಇಂಜಿನ್ ಹೋಯಿತು. ಮಾಮೂಲಿ ವಿಮೆಯಲ್ಲಿ ಈ ನಷ್ಟಕ್ಕೆ ದುಡ್ಡು ಸಿಗುವುದು ಕಷ್ಟ, ಇಂಜಿನ್ ರಕ್ಷಣೆಯ ಆಡ್-ಆನ್ ಬೇರೆಯೇ ತೆಗೆದುಕೊಂಡಿರಬೇಕು. ತಳ್ಳಿ ಹೊರಗೆ ತಂದು ಮೆಕ್ಯಾನಿಕ್‌ಗೆ ಹೇಳಿ. ನೀರು ದಾಟಿ ಬಂದಿದ್ದರೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಓಡಿಸಿ ಒಣಗಿಸಿಕೊಳ್ಳಿ.

ಗುಡ್ಡದ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ರಸ್ತೆ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ಮುಚ್ಚಿದವು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿ ಕಡಿದಿದ್ದ ಗುಡ್ಡ, ಚಹಾ ಅಂಗಡಿಯ ಬಳಿ ನಿಂತಿದ್ದ ಗಾಡಿಗಳನ್ನೂ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು. ಅವರು ಗಾಡಿ ತಪ್ಪಾಗಿ ಓಡಿಸಿರಲಿಲ್ಲ, ದಣಿವಾರಿಸಿಕೊಳ್ಳಲು ನಿಂತಿದ್ದರು. ಮಳೆಗಾಲದಲ್ಲಿ ನೆಟ್ಟಗೆ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಬೇಡಿ. ಫೋಟೋಗಂತೂ ಬೇಡವೇ ಬೇಡ. ಗುಡ್ಡದಿಂದ ಇದ್ದಕ್ಕಿದ್ದಂತೆ ಕೆಸರು ನೀರು ಬರುವುದು, ಸಣ್ಣ ಕಲ್ಲು ಉರುಳುವುದು, ಮರ ವಾಲಿರುವುದು, ರಸ್ತೆ ಅಂಚಿನಲ್ಲಿ ಉದ್ದಕ್ಕೆ ಬಿರುಕು: ಇದರಲ್ಲಿ ಒಂದು ಕಂಡರೂ ಅಲ್ಲಿಂದ ಜಾಗ ಖಾಲಿ ಮಾಡಿ. ದಾರಿ ಕಟ್ಟಿಕೊಂಡರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಕುಡಿಯುವ ನೀರು, ತಿನ್ನಲು ಏನಾದರೂ, ಅರ್ಧ ಟ್ಯಾಂಕಿಗಿಂತ ಜಾಸ್ತಿ ಇಂಧನ ಇರಲಿ. ಸಾಧ್ಯವಾದರೆ ಬೆಳಕಿರುವಾಗಲೇ ಘಾಟಿ ದಾಟಿ.

ಊರು ತಲುಪಿದ ಮೇಲೆ ಗಾಡಿಯನ್ನು ಹಾಗೇ ಬಿಡಬೇಡಿ. ಅಡಿಗೆ ಅಂಟಿದ ಕೆಸರನ್ನು ಪೈಪಿನಲ್ಲಿ ತೊಳೆಯಿರಿ, ಒದ್ದೆ ಮಣ್ಣು ತುಕ್ಕಿಗೆ ದಾರಿ. ಬಾನೆಟ್ ತೆಗೆದು ವೈಪರ್ ಕೆಳಗೆ ಸೇರಿರುವ ಎಲೆಗಳನ್ನು ಕೈಯಿಂದ ಬಾಚಿ ತೆಗೆಯಿರಿ. ಅಲ್ಲಿ ನೀರು ಹೋಗುವ ತೂತು ಮುಚ್ಚಿಕೊಂಡರೆ ನೀರು ಕಾರಿನೊಳಗೆ ಬರುತ್ತದೆ. ನಾಲ್ಕೈದು ದಿನ ನಿಲ್ಲಿಸುವುದಾದರೆ, ಒದ್ದೆ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ತುಕ್ಕು ಹಿಡಿದು ಅಂಟಿಕೊಂಡುಬಿಡುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೊದಲನೇ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು.